ಆಗುಂಬೆಯ ಮಂಜಿಗೆ ಹಳದಿ ಬಲ್ಬೇ ಬೇಕೆ?

ಪ್ರಶ್ನೆ: ನಾನು ಹಿರಿಯಡಕದವಳು, ತೀರ್ಥಹಳ್ಳಿಯಲ್ಲಿ ಅಧ್ಯಾಪಕಿ. ಸೋಮವಾರ ಬೆಳಕು ಹರಿಯುವ ಮೊದಲೇ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತೇನೆ, ಶುಕ್ರವಾರ ಸಂಜೆ ಇಳಿಯುತ್ತೇನೆ. ಹಳೆಯ ಸಣ್ಣ ಕಾರು. ಈ ಮಳೆಗಾಲದಲ್ಲಿ ಎಡಬದಿಯ ಫಾಗ್ ಲ್ಯಾಂಪ್ ಬಲ್ಬ್ ಎರಡನೇ ಸಲ ಸುಟ್ಟುಹೋಗಿದೆ. ಬಲಬದಿಯದು ಉರಿಯುತ್ತದೆ, ಆದರೆ ಮಂಕು. ಎಡಬದಿಯ ಗಾಜಿನೊಳಗೆ ಹಬೆಯೂ ಕಟ್ಟಿದೆ. ಬಲ್ಬಿನ ಮೇಲೆ ಎಚ್11, 55 ವ್ಯಾಟ್ ಎಂದಿದೆ. ಅಂಗಡಿಯವರು ‘ಹಳದಿ ಎಲ್‌ಇಡಿ ಹಾಕಿ, ಹಳದಿ ಬೆಳಕು ಮಂಜನ್ನು ಸೀಳುತ್ತದೆ’ ಎನ್ನುತ್ತಾರೆ. ಅದೇ ಅಂಗಡಿಯ ಹುಡುಗ ಬಿಳಿ 6000 ಕೆಲ್ವಿನ್ ಎಲ್‌ಇಡಿಗೆ ಬೆಳಕು ಹೆಚ್ಚು ಎಂದ. ನನ್ನ ಭಾವನದು ಬೇರೆಯೇ ಸಲಹೆ: 100 ವ್ಯಾಟ್ ಹ್ಯಾಲೊಜನ್ ಹಾಕಿಬಿಡು ಎಂದು. ಯಾವ ಬಣ್ಣ ಸರಿ? ಬಲ್ಬನ್ನು ನಾನೇ ಬದಲಿಸಬಹುದೇ? ಬಣ್ಣ ಬದಲಿಸಿದರೆ ಪೊಲೀಸರು ದಂಡ ಹಾಕುತ್ತಾರೆಯೇ? ಮಳೆಯಲ್ಲಿ ಹೆದ್ದಾರಿಯಲ್ಲೂ ಇದನ್ನು ಉರಿಸಿಕೊಂಡು ಹೋಗಬಹುದೇ?

ಉತ್ತರ: ನಿಮ್ಮ ಚಿಂತೆ ಬಣ್ಣದ್ದು. ಪತ್ರ ಓದುತ್ತಿದ್ದಂತೆ ನನ್ನ ಕಣ್ಣು ನಿಂತದ್ದು ಮಾತ್ರ ಸುಟ್ಟ ಬಲ್ಬಿನ ಸಾಲಿನ ಮೇಲೆ. ಒಂದೇ ಬದಿಯ ಬಲ್ಬ್ ಒಂದೇ ಮಳೆಗಾಲದಲ್ಲಿ ಎರಡು ಸಲ ಹೋಗಿ, ಗಾಜಿನೊಳಗೆ ಹಬೆಯೂ ನಿಂತಿದ್ದರೆ ಅಲ್ಲಿ ನೀರು ನುಗ್ಗುತ್ತಿದೆ ಎಂದೇ ಅರ್ಥ. ಅದನ್ನು ನಿಲ್ಲಿಸದೆ ಎಷ್ಟೇ ಬೆಲೆಯ ಬಲ್ಬ್ ಹಾಕಿದರೂ ಮೂರನೆಯದೂ ಸುಡುತ್ತದೆ. ಆದರೂ ಬಣ್ಣದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ತಿಳಿಯಾಗದೆ ನೀವು ಮತ್ತೆ ಆ ಅಂಗಡಿಗೆ ಹೋದರೆ ಅವರು ತೋರಿಸಿದ್ದನ್ನೇ ಕೊಂಡು ಬರಬೇಕಾಗುತ್ತದೆ.

‘ಹಳದಿ ಬೆಳಕು ಮಂಜನ್ನು ಸೀಳುತ್ತದೆ’ ಎಂಬ ಮಾತು ಮಂಗಳೂರಿನಿಂದ ಕುಂದಾಪುರದವರೆಗೆ ಪ್ರತಿ ಬಿಡಿಭಾಗದ ಅಂಗಡಿಯಲ್ಲೂ ಕೇಳಿಬರುತ್ತದೆ. ಹೇಳುವವರು ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ. ಶಾಲೆಯಲ್ಲಿ ಕಲಿತ ನಿಜವಾದ ಪಾಠವೊಂದನ್ನು ಅದು ಸಲ್ಲದ ಜಾಗಕ್ಕೆ ಒಯ್ದಿದ್ದಾರೆ, ಅಷ್ಟೆ. ನೀಲಿ ಬೆಳಕಿನ ತರಂಗಾಂತರ ಕಡಿಮೆ, ಅದು ಹೆಚ್ಚು ಚದುರುತ್ತದೆ. ಹಳದಿ ಮತ್ತು ಕೆಂಪು ಕಡಿಮೆ ಚದುರುತ್ತವೆ. ಗಾಳಿಯ ಅಣುಗಳ ಮಟ್ಟಿಗೆ ಇದು ಸರಿ. ಆಕಾಶ ನೀಲಿಯಾಗಿರುವುದೂ ಮಲ್ಪೆಯಲ್ಲಿ ಮುಳುಗುವ ಸೂರ್ಯ ಕೆಂಪಗಾಗುವುದೂ ಇದರಿಂದಲೇ. ಆದರೆ ಮಂಜು ನೀರಿನ ಹನಿಗಳ ರಾಶಿ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು ಅರ್ಧ ಮೈಕ್ರೋಮೀಟರ್. ಮಂಜಿನ ಹನಿ ಸಾಮಾನ್ಯವಾಗಿ ಹತ್ತು ಇಪ್ಪತ್ತು ಮೈಕ್ರೋಮೀಟರ್ ದಪ್ಪ. ಅಷ್ಟು ದೊಡ್ಡ ಹನಿಯ ಮುಂದೆ ನೀಲಿ, ಹಳದಿ, ಕೆಂಪು ಎಲ್ಲವೂ ಹೆಚ್ಚುಕಡಿಮೆ ಒಂದೇ ತೆರನಾಗಿ ಚದುರುತ್ತವೆ. ಮಂಜು ಬೆಳ್ಳಗೆ ಕಾಣುವುದೇ ಇದಕ್ಕೆ ಸಾಕ್ಷಿ. ಬಣ್ಣಬಣ್ಣಕ್ಕೆ ಭೇದವಿದ್ದಿದ್ದರೆ ಮಂಜಿಗೂ ನೀಲಿ ಛಾಯೆ ಇರಬೇಕಿತ್ತು. ಮಳೆಗಾಲದಲ್ಲಿ ನೀವು ಆಗುಂಬೆಯಲ್ಲಿ ಹಾದುಹೋಗುವುದಂತೂ ಮೋಡದೊಳಗೇ. ಕಡಲಿನಿಂದ ಬಂದ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ, ತಣಿದು, ರಸ್ತೆಯ ಮೇಲೆಯೇ ಮೋಡವಾಗಿ ನಿಂತಿರುತ್ತದೆ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ತಲುಪುವಾಗ ಸಿಗುವುದೂ ಇದೇ.

ಹಾಗಿದ್ದರೆ ಫಾಗ್ ಲ್ಯಾಂಪ್ ಕೆಲಸ ಮಾಡುವುದು ಹೇಗೆ? ಅದನ್ನು ಕೂರಿಸಿದ ಎತ್ತರ ಮತ್ತು ಅದರ ಬೆಳಕಿನ ಆಕಾರದಿಂದ. ಮಂಜಿನಲ್ಲಿ ನಿಮ್ಮನ್ನು ಕುರುಡಾಗಿಸುವುದು ನಿಮ್ಮದೇ ದೀಪದ ಬೆಳಕು. ಕಣ್ಣ ಮಟ್ಟದಲ್ಲಿರುವ ಹನಿಗಳಿಗೆ ಬಡಿದು ಅದು ನಿಮ್ಮತ್ತಲೇ ಮರಳಿ ಬಂದಾಗ ಮುಂದೆ ಬಿಳಿ ಗೋಡೆ ಎದ್ದು ನಿಂತಂತೆ ಭಾಸವಾಗುತ್ತದೆ. ಹೈಬೀಮ್ ಹಾಕಿದ ಕೂಡಲೇ ರಸ್ತೆ ಮಾಯವಾಗುವುದನ್ನು ನೀವೇ ನೋಡಿರುತ್ತೀರಿ. ಫಾಗ್ ಲ್ಯಾಂಪನ್ನು ಬಂಪರಿನ ಕೆಳಭಾಗದಲ್ಲಿ ಕೂರಿಸಿರುವುದೂ, ಅದರ ಬೆಳಕಿನ ಮೇಲಂಚನ್ನು ಚಾಕುವಿನಿಂದ ಕತ್ತರಿಸಿದಷ್ಟು ನೇರವಾಗಿ ಇಟ್ಟಿರುವುದೂ ಇದಕ್ಕಾಗಿಯೇ. ಬೆಳಕು ಕಣ್ಣಿನ ದಾರಿಗೆ ಅಡ್ಡ ಬಾರದೆ ರಸ್ತೆಗಂಟಿ ಅಗಲಕ್ಕೆ ಹರಡಬೇಕು. ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಕಾರಿನ ಮುಂಭಾಗದ ಫಾಗ್ ಲ್ಯಾಂಪ್ ನೆಲದಿಂದ ಕನಿಷ್ಠ 250 ಮಿಲಿಮೀಟರ್, ಗರಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕು. ಎತ್ತರಕ್ಕೆ ಮಿತಿ ಹಾಕಿರುವುದು ಈ ಕಾರಣಕ್ಕೆ. ಘಾಟಿಯಲ್ಲಿ ಇನ್ನೊಂದು ಲಾಭವೂ ಇದೆ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಹೆಡ್‌ಲೈಟಿನ ಬೆಳಕು ತಿರುವಿನ ಹೊರಗಿನ ಕಾಡಿಗೆ ಬೀಳುತ್ತಿರುವಾಗ, ಅಗಲಕ್ಕೆ ಹರಡುವ ಫಾಗ್ ಲ್ಯಾಂಪ್ ಒಳಬದಿಯ ರಸ್ತೆಯಂಚನ್ನೂ ಅಲ್ಲಿನ ಚರಂಡಿಯನ್ನೂ ತೋರಿಸುತ್ತದೆ.

ಹಾಗಾದರೆ ಹಳದಿಗೆ ಅರ್ಥವೇ ಇಲ್ಲವೇ ಎಂದರೆ, ಇದೆ. ಆದರೆ ಆ ಲಾಭ ಇರುವುದು ನಮ್ಮ ಕಣ್ಣಿನಲ್ಲಿ. ನೀಲಿ ಅಂಶ ಹೆಚ್ಚಿರುವ ಬೆಳಕು ಕಣ್ಣನ್ನು ಹೆಚ್ಚು ಚುಚ್ಚುತ್ತದೆ, ಬೇಗ ದಣಿಸುತ್ತದೆ. ಬಿಳಿ ಬೆಳಕಿನಿಂದ ಆ ನೀಲಿಯನ್ನು ಸೋಸಿ ತೆಗೆದರೆ ಉಳಿಯುವುದೇ ಫಾಗ್ ಲ್ಯಾಂಪಿನ ಹಳದಿ. ಮರಳಿ ಬರುವ ಬೆಳಕು ಕಡಿಮೆ ಚುಚ್ಚುವುದರಿಂದ ಹಲವು ಚಾಲಕರಿಗೆ ಹಳದಿಯಲ್ಲಿ ನೆಮ್ಮದಿ ಸಿಗುತ್ತದೆ. ಫ್ರಾನ್ಸಿನಲ್ಲಿ 1930ರ ದಶಕದಿಂದ 1993ರವರೆಗೆ ಕಾರುಗಳ ಹೆಡ್‌ಲೈಟೇ ಹಳದಿಯಾಗಿರಬೇಕೆಂಬ ಕಾನೂನಿತ್ತು. ಆದರೆ ಸೋಸಿ ತೆಗೆದ ಬೆಳಕು ನಷ್ಟವಾದ ಬೆಳಕೇ. ಒಂದೇ ವ್ಯಾಟಿನ ಎರಡು ಬಲ್ಬ್‌ಗಳಲ್ಲಿ ಹಳದಿ ಲೇಪದ್ದು ಶೇಕಡಾ ಹತ್ತರಿಂದ ಹದಿನೈದರಷ್ಟು ಕಡಿಮೆ ಬೆಳಕು ಕೊಡುತ್ತದೆ. ಲೇಪವಿಲ್ಲದ ಸಾದಾ ಹ್ಯಾಲೊಜನ್ ಬಲ್ಬಿನ ಬೆಳಕೂ ಸುಮಾರು 3200 ಕೆಲ್ವಿನ್ನಿನದು. ಅದರಲ್ಲಿ ನೀಲಿ ಅಂಶ ಮೊದಲೇ ಕಡಿಮೆ. ಹಾಗಾಗಿ ಹ್ಯಾಲೊಜನ್‌ನಲ್ಲಿ ಬಿಳಿಯೋ ಹಳದಿಯೋ ಎಂಬುದು ನಿಮ್ಮ ಕಣ್ಣಿಗೆ ಹಿತವಾದದ್ದನ್ನು ಆರಿಸುವ ಪ್ರಶ್ನೆ. ಘಾಟಿಯ ರಸ್ತೆಗೆ ನನ್ನ ಒಲವು ಹಳದಿಯತ್ತ. ಎದುರಿನಿಂದ ಬರುವವರಿಗೂ ಅದು ಬೇಗ ಗುರುತು ಸಿಗುತ್ತದೆ. ಬಿಳಿಯದನ್ನೇ ಇಟ್ಟುಕೊಂಡರೂ ನಿಮಗೆ ಏನೂ ಕಳೆದುಹೋಗುವುದಿಲ್ಲ.

ಪೆಟ್ಟಿಗೆಯ ಮೇಲಿನ ಕೆಲ್ವಿನ್ ಸಂಖ್ಯೆ ಬೆಳಕಿನ ಪ್ರಮಾಣವನ್ನು ಹೇಳುವುದಿಲ್ಲ, ಬಣ್ಣದ ಛಾಯೆಯನ್ನು ಹೇಳುತ್ತದೆ. 3000 ಹಳದಿಯತ್ತ, 6000 ನೀಲಿ ಬೆರೆತ ಬಿಳಿಯತ್ತ. ಅಂಗಡಿಯ ಹುಡುಗ ‘6000ಕ್ಕೆ ಬೆಳಕು ಹೆಚ್ಚು’ ಎಂದದ್ದು ಈ ಗೊಂದಲದಿಂದ. ಬೆಳಕಿನ ಪ್ರಮಾಣ ಬೇಕಿದ್ದರೆ ಲ್ಯೂಮೆನ್ ನೋಡಬೇಕು. ಎಚ್11 ಹ್ಯಾಲೊಜನ್ ಬಲ್ಬಿನ ಮಾನಕ ಬೆಳಕು ಸುಮಾರು 1350 ಲ್ಯೂಮೆನ್. ಮಂಜಿಗೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ ಎಂದರೆ ನೀಲಿ ಲೇಪ ಬಳಿದು ‘ಕ್ರಿಸ್ಟಲ್ ವೈಟ್’ ಎಂದು ಮಾರುವ ಹ್ಯಾಲೊಜನ್ ಬಲ್ಬುಗಳು. ಬೆಳಕೂ ಕಡಿಮೆ, ಕಣ್ಣು ಚುಚ್ಚುವುದೂ ಹೆಚ್ಚು. ಅವುಗಳನ್ನು ಯಾರಾದರೂ ಸುಮ್ಮನೆ ಕೊಟ್ಟರೂ ಹಾಕಿಸಿಕೊಳ್ಳಬೇಡಿ.

ಈಗ ಎಲ್‌ಇಡಿಯ ವಿಷಯ. ಇದರಲ್ಲಿ ಎರಡು ಬಗೆ ಇದೆ. ಒಂದು, ಕಾರ್ಖಾನೆಯಲ್ಲೇ ಎಲ್‌ಇಡಿಗೆಂದು ರೂಪಿಸಿದ ಇಡೀ ಲ್ಯಾಂಪ್. ಇನ್ನೊಂದು, ನಿಮ್ಮ ಹ್ಯಾಲೊಜನ್ ಲ್ಯಾಂಪಿನೊಳಗೆ ತೂರಿಸುವ ಎಲ್‌ಇಡಿ ಬಲ್ಬ್. ಅಂಗಡಿಯವರು ನಿಮಗೆ ತೋರಿಸಿದ್ದು ಎರಡನೆಯದು, ನಾನು ಬೇಡವೆನ್ನುವುದೂ ಅದನ್ನೇ. ನಿಮ್ಮ ಕೈಯಲ್ಲಿರುವ ಸುಟ್ಟ ಎಚ್11 ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಸುಮಾರು ಅರ್ಧ ಸೆಂಟಿಮೀಟರ್ ಉದ್ದದ ಸುರುಳಿ ತಂತಿ ಇದೆ, ಬಹುಶಃ ನಡುವೆ ತುಂಡಾಗಿರುತ್ತದೆ. ಲ್ಯಾಂಪಿನ ಹಿಂಬದಿಯ ಹೊಳೆಯುವ ಪ್ರತಿಫಲಕದ ಪ್ರತಿಯೊಂದು ಬಾಗನ್ನೂ ಈ ಸುರುಳಿ ಎಲ್ಲಿರುತ್ತದೆ ಎಂಬ ಲೆಕ್ಕದ ಮೇಲೆ ಎರಕ ಹೊಯ್ದಿರುತ್ತಾರೆ. ಸುರುಳಿ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಬೆಳಕಿನ ಮೇಲಂಚು ಕದಡಿಹೋಗುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಸುರುಳಿಯೇ ಇಲ್ಲ. ಲೋಹದ ಪಟ್ಟಿಯ ಎರಡು ಬದಿಗೆ ಬೆಳಕು ಕೊಡುವ ಚಪ್ಪಟೆ ಚಿಪ್‌ಗಳನ್ನು ಅಂಟಿಸಿರುತ್ತಾರೆ; ಸುರುಳಿಯಂತೆ ಸುತ್ತಲೂ ಸಮನಾಗಿ ಬೆಳಕು ಚೆಲ್ಲುವುದು ಅದಕ್ಕೆ ಸಾಧ್ಯವಿಲ್ಲ. ಬೆಳಕು ಮೇಲಕ್ಕೆ ಸೋರುತ್ತದೆ, ಮಂಜಿಗೆ ಬಡಿದು ಮರಳುತ್ತದೆ. ಮನೆಯಂಗಳದಲ್ಲಿ ನಿಲ್ಲಿಸಿ ನೋಡಿದರೆ ಝಗಮಗ ಎನ್ನುವ ದೀಪ ಘಾಟಿಯ ಎರಡನೇ ತಿರುವಿನಲ್ಲಿ ಬಿಳಿ ಗೋಡೆ ಎಬ್ಬಿಸುವುದು ಹೀಗೆ.

ನಮ್ಮ ಕರಾವಳಿಗೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಹ್ಯಾಲೊಜನ್ ಬಲ್ಬಿನ ಶಾಖದಿಂದ ಗಾಜು ಬೆಚ್ಚಗಾಗಿ ಒಳಗಿನ ತೇವ ಆರುತ್ತದೆ. ಎಲ್‌ಇಡಿಯ ಶಾಖ ಮುಂದಕ್ಕೆ ಬಾರದೆ ಹಿಂಬದಿಯ ಲೋಹದ ತುಂಡಿಗೆ ಇಳಿಯುತ್ತದೆ. ಗಾಜು ತಣ್ಣಗೇ ಇರುವುದರಿಂದ ಹಬೆ ಅಲ್ಲೇ ನಿಲ್ಲುತ್ತದೆ. ಅನೇಕ ಎಲ್‌ಇಡಿ ಬಲ್ಬುಗಳ ಬಾಲದಲ್ಲಿ ಪುಟ್ಟ ಫ್ಯಾನ್ ಇರುತ್ತದೆ. ಬಂಪರಿನ ಕೆಳಗೆ, ಉಪ್ಪು ಗಾಳಿಯಲ್ಲಿ, ಚಕ್ರ ಚಿಮ್ಮಿಸುವ ಕೆಸರಿನಲ್ಲಿ ಆ ಫ್ಯಾನ್ ಎಷ್ಟು ದಿನ ತಿರುಗೀತು? ಅದು ನಿಂತರೆ ಬಲ್ಬೂ ಬೆಂದುಹೋಗುತ್ತದೆ. ಎಲ್‌ಇಡಿಯೇ ಬೇಕೆಂದಿದ್ದರೆ ನಿಮ್ಮ ಕಾರಿಗೆ ಹೊಂದುವ ಇಡೀ ಲ್ಯಾಂಪನ್ನೇ, ಎರಡೂ ಬದಿಗೆ, ಬದಲಿಸಿ. ಕೊಳ್ಳುವಾಗ ಗಾಜಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲೊಂದು ಸಂಖ್ಯೆ, ಮುಂಭಾಗದ ಫಾಗ್ ಲ್ಯಾಂಪಿನ ಗುರುತಾದ ‘ಬಿ’ ಅಥವಾ ‘ಎಫ್3’ ಎಂಬ ಅಚ್ಚು ಇದೆಯೇ ನೋಡಿ. ಬೆಳಕಿನ ಹರಡುವಿಕೆಯನ್ನು ಪರೀಕ್ಷಿಸಿ ಒಪ್ಪಿದ ಲ್ಯಾಂಪಿಗೆ ಈ ಅಚ್ಚು ಇರುತ್ತದೆ. ಬರೀ ಹೊಳಪು ಪೆಟ್ಟಿಗೆ ಇದ್ದು ಗಾಜಿನ ಮೇಲೆ ಏನೂ ಇಲ್ಲದಿದ್ದರೆ ವಾಪಸ್ ಕೊಡಿ. ದುಬಾರಿ ದಾರಿ ಇದು, ಹಳೆಯ ಕಾರಿಗೆ ಅಗತ್ಯವೂ ಇಲ್ಲ.

ನಿಮ್ಮ ಭಾವ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು, ಆದರೆ ಮೂರೂ ಸಲಹೆಗಳಲ್ಲಿ ಅಪಾಯದ್ದು ಅವರದೇ. 55 ವ್ಯಾಟಿನ ಎರಡು ಬಲ್ಬುಗಳು ಸುಮಾರು ಒಂಬತ್ತು ಆಂಪಿಯರ್ ಕರೆಂಟ್ ಎಳೆಯುತ್ತವೆ. 100 ವ್ಯಾಟಿನವು ಹದಿನಾರು ಹದಿನೇಳು. ಕಾರಿನ ವೈರಿಂಗ್, ಸ್ವಿಚ್, ರಿಲೇ, ಫ್ಯೂಸ್ ಯಾವುದನ್ನೂ ಅಷ್ಟಕ್ಕೆಂದು ಮಾಡಿರುವುದಿಲ್ಲ. ಮೊದಲು ಫ್ಯೂಸ್ ಹೋಗುತ್ತದೆ. ‘ದೊಡ್ಡ ಫ್ಯೂಸ್ ಹಾಕಿಬಿಡಿ’ ಎನ್ನುವವರು ಆಗ ಸಿಗುತ್ತಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಫ್ಯೂಸಿನ ಬದಲು ವೈರೇ ಸುಡತೊಡಗಿದರೆ ಬೆಂಕಿ ಬಂಪರಿನಲ್ಲಿ ನಿಲ್ಲುವುದಿಲ್ಲ. ವೈರ್ ತಡೆದುಕೊಂಡರೂ ಲ್ಯಾಂಪ್ ತಡೆಯುವುದಿಲ್ಲ. 100 ವ್ಯಾಟ್ ಹಾಕಿದ ಲ್ಯಾಂಪುಗಳು ಗ್ಯಾರೇಜಿಗೆ ಬಂದಾಗ ಹೋಲ್ಡರ್ ಕರಗಿ ಬಲ್ಬಿಗೆ ಅಂಟಿಕೊಂಡಿರುತ್ತದೆ, ಪ್ರತಿಫಲಕದ ಹೊಳಪು ಕಂದಿರುತ್ತದೆ. ರಿಲೇ ಸಮೇತ ಬೇರೆ ವೈರಿಂಗ್ ಎಳೆಸಿದರೂ ಈ ಶಾಖದಿಂದ ತಪ್ಪಿಸಿಕೊಳ್ಳಲಾಗದು.

ದಂಡದ ಪ್ರಶ್ನೆಗೆ ಚಿಕ್ಕ ಉತ್ತರ. ಮುಂಭಾಗದ ಫಾಗ್ ಲ್ಯಾಂಪ್ ಬಿಳಿ ಇರಬಹುದು ಅಥವಾ ಹಳದಿ ಇರಬಹುದು. ನೀಲಿ, ನೇರಳೆ, ಕೆಂಪು, ಮಿನುಗುವ ಬಣ್ಣಗಳು ಸಲ್ಲವು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ತಯಾರಕರ ಮೂಲ ವಿನ್ಯಾಸಕ್ಕೆ ಹೊಂದದ ಮಾರ್ಪಾಡುಗಳನ್ನು ತಡೆಯುತ್ತದೆ. ಅದೇ ಎಚ್11, ಅದೇ 55 ವ್ಯಾಟಿನ ಹಳದಿ ಹ್ಯಾಲೊಜನ್ ಹಾಕಿದರೆ ನೀವು ಚಿಂತಿಸಬೇಕಾಗಿಲ್ಲ. ಹ್ಯಾಲೊಜನ್ ಲ್ಯಾಂಪಿಗೆ ಎಲ್‌ಇಡಿ ಬಲ್ಬ್, ಎಚ್‌ಐಡಿ (ಸುರುಳಿಯಿಲ್ಲದೆ ಅನಿಲದಲ್ಲಿ ಕರೆಂಟ್ ಹರಿಸಿ ಬೆಳಗುವ ದೀಪ) ಕಿಟ್, ಹೆಚ್ಚು ವ್ಯಾಟಿನ ಬಲ್ಬ್ ತೂರಿಸಿದರೆ ಲ್ಯಾಂಪಿಗಿದ್ದ ಅನುಮೋದನೆಗೆ ಅರ್ಥ ಉಳಿಯುವುದಿಲ್ಲ. ಎದುರಿನವರ ಕಣ್ಣು ಕೋರೈಸಿದ ಆರೋಪವೂ ಬರಬಹುದು.

ಇನ್ನು ನಿಮ್ಮ ಕಾರಿನ ನಿಜವಾದ ಕಾಯಿಲೆಗೆ ಬರೋಣ. ಹ್ಯಾಲೊಜನ್ ಬಲ್ಬ್ ಬೇಗ ಸಾಯಲು ಕಾರಣಗಳು ಕೆಲವೇ. ನೀವು ಬರೆದ ಲಕ್ಷಣಗಳಿಗೆ ಎಲ್ಲಕ್ಕಿಂತ ಹತ್ತಿರದ್ದು ನೀರು. ಎಡಬದಿಯ ಗಾಜನ್ನು ಒರೆಸಿ, ಟಾರ್ಚ್ ಹಿಡಿದು, ಅಂಚುಗಳನ್ನು ಚೆನ್ನಾಗಿ ನೋಡಿ. ಹೆಬ್ರಿ ಕಡೆಯ ರಸ್ತೆಯಲ್ಲಿ ಮುಂದಿನ ಬಸ್ಸಿನ ಚಕ್ರದಿಂದ ಸಿಡಿದ ಜಲ್ಲಿಯೊಂದು ಗಾಜಿಗೆ ಕೂದಲೆಳೆಯ ಬಿರುಕು ತಂದಿದ್ದರೆ ಸಾಕು. ಬಿಸಿ ಬಲ್ಬಿನ ಮೇಲೆ ತಣ್ಣೀರಿನ ಒಂದು ಹನಿ ಬಿದ್ದರೂ ಅದರ ಗಾಜು ಸೀಳುತ್ತದೆ, ಗಾಳಿ ಒಳಹೊಕ್ಕು ಸುರುಳಿ ಕ್ಷಣದಲ್ಲಿ ಉರಿದುಹೋಗುತ್ತದೆ. ಸುಟ್ಟ ಬಲ್ಬಿನೊಳಗೆ ಬಿಳಿ ಅಥವಾ ಹಳದಿ ಮಿಶ್ರಿತ ಬೂದಿಯಂತಹ ಪುಡಿ ಅಂಟಿದ್ದರೆ ಗಾಳಿ ಹೊಕ್ಕಿದೆ ಎಂದು ತಿಳಿಯಿರಿ. ಗಾಜಿನಲ್ಲಿ ಬಿರುಕಿಲ್ಲದಿದ್ದರೆ ಬಲ್ಬಿನ ಬುಡದ ರಬ್ಬರ್ ಉಂಗುರ ಗಟ್ಟಿಯಾಗಿ ಹರಿದಿರಬಹುದು. ಹಿಂದಿನ ಸಲ ಬಲ್ಬ್ ಹಾಕಿದವರು ಅದನ್ನು ಪೂರ್ತಿ ತಿರುಗಿಸಿ ಬಿಗಿಗೊಳಿಸದೆ ಬಿಟ್ಟಿರಲೂಬಹುದು. ಹಿಂಬದಿಯಲ್ಲಿ ಗಾಳಿಯಾಡಲೆಂದು ಇರುವ ಸಣ್ಣ ರಂಧ್ರ ಕೆಸರಿನಿಂದ ಮುಚ್ಚಿದ್ದರೂ ಹಬೆ ಆರುವುದಿಲ್ಲ. ಅದನ್ನು ಬಿಡಿಸಿ, ಬಹಳ ಜನ ಮಾಡುವಂತೆ ಸಿಲಿಕೋನ್ ಮೆತ್ತಿ ಮುಚ್ಚಬೇಡಿ. ಬಿರುಕು ಬಿಟ್ಟ ಲ್ಯಾಂಪಿಗೆ ಮಾತ್ರ ರಿಪೇರಿ ಇಲ್ಲ, ಬದಲಿಸಬೇಕು.

ಎರಡನೆಯ ಶಂಕೆ ವೋಲ್ಟೇಜ್. ಎಂಜಿನ್ ಚಾಲೂ ಇರುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರುವುದು ಸಾಮಾನ್ಯ. ಅದಕ್ಕಿಂತ ಮೇಲೇರಿದ್ದರೆ, ಎಂಜಿನ್ ತಿರುಗಿಸಿ ಕರೆಂಟ್ ಉತ್ಪಾದಿಸುವ ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ವೋಲ್ಟೇಜ್ ಶೇಕಡಾ ಐದು ಹೆಚ್ಚಾದರೆ ಹ್ಯಾಲೊಜನ್ ಬಲ್ಬಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಹಾಗಾಗಿದ್ದರೆ ಹೆಡ್‌ಲೈಟ್ ಬಲ್ಬುಗಳೂ ಸಾಯಬೇಕಿತ್ತು. ನೀವು ಹಾಗೆ ಬರೆದಿಲ್ಲ. ಮೂರನೆಯದು ಬೆರಳಿನ ಜಿಡ್ಡು. ಬಲ್ಬ್ ಹಾಕಿದವರು ಗಾಜನ್ನು ಬರಿಗೈಯಲ್ಲಿ ಮುಟ್ಟಿದ್ದರೆ ಆ ಜಾಗದಲ್ಲಿ ಶಾಖ ಏರುಪೇರಾಗಿ ಗಾಜು ಉಬ್ಬುತ್ತದೆ ಇಲ್ಲವೇ ಬಿರಿಯುತ್ತದೆ.

ಬಲಬದಿಯ ಮಂಕು ಬೆಳಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ‘ಫಾಗ್ ಲ್ಯಾಂಪ್ ಸಾಲುವುದಿಲ್ಲ’ ಎಂದು ಗ್ಯಾರೇಜಿಗೆ ಬರುವ ಕರಾವಳಿಯ ಕಾರುಗಳಲ್ಲಿ ನಾನು ಮೊದಲು ಕಳಚುವುದು ಬಲ್ಬನ್ನಲ್ಲ, ಬಲ್ಬಿಗೆ ವೈರ್ ಜೋಡಿಸುವ ಪ್ಲಗ್ಗಾದ ಕಪ್ಲರನ್ನು. ಪ್ಲಾಸ್ಟಿಕ್ ಕೊಂಡಿ ಒತ್ತಿ ಎಳೆದರೆ ಒಳಗಿನ ಹಿತ್ತಾಳೆಯ ನಾಲಿಗೆಗಳ ಮೇಲೆ ಹಸಿರು ಕಿಲುಬು ಹತ್ತಿರುತ್ತದೆ, ಕೆಲವೊಮ್ಮೆ ಬೆರಳಿಗೆ ಪುಡಿಯಾಗಿ ಬರುತ್ತದೆ. ಉಪ್ಪು ಗಾಳಿ, ಮಳೆನೀರು, ಕರೆಂಟ್ ಮೂರೂ ಸೇರಿದರೆ ಲೋಹಕ್ಕೆ ಉಳಿಗಾಲವಿಲ್ಲ. ಈ ಕಿಲುಬು ಕರೆಂಟಿಗೆ ಅಡ್ಡಗಟ್ಟುತ್ತದೆ, ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತದೆ. ಹ್ಯಾಲೊಜನ್ ಬಲ್ಬಿನ ಗುಣವೇನೆಂದರೆ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. ಶೇಕಡಾ ಐದು ಇಳಿದರೆ ಬೆಳಕು ಸುಮಾರು ಹದಿನಾರು, ಹತ್ತು ಇಳಿದರೆ ಸುಮಾರು ಮೂವತ್ತು ಶೇಕಡಾ ಕಡಿಮೆಯಾಗುತ್ತದೆ. ಹೆಚ್ಚು ವ್ಯಾಟಿನ ಬಲ್ಬಿಗೆ ಹಣ ಕೊಡುವ ಎಷ್ಟೋ ಜನರಿಗೆ ಬೇಕಿರುವುದು ಒಂದು ತುಂಡು ಮರಳು ಕಾಗದ, ಕಾಂಟ್ಯಾಕ್ಟ್ ಕ್ಲೀನರಿನ ಒಂದು ಡಬ್ಬಿ, ಸ್ವಲ್ಪ ಸಮಯ.

ಪರೀಕ್ಷೆ ಸುಲಭ. ಎಂಜಿನ್ ಚಾಲೂ ಮಾಡಿ, ಫಾಗ್ ಲ್ಯಾಂಪ್ ಉರಿಯುತ್ತಿರುವಾಗಲೇ ಮಲ್ಟಿಮೀಟರಿನಲ್ಲಿ ಬ್ಯಾಟರಿಯ ವೋಲ್ಟೇಜನ್ನೂ ಬಲಬದಿಯ ಬಲ್ಬಿನ ಬುಡದ ವೋಲ್ಟೇಜನ್ನೂ ಅಳೆಯಿಸಿ. ಅಂತರ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಕಪ್ಲರ್ ಶುಚಿಗೊಳಿಸಬೇಕು, ಅರ್ತಿಂಗ್ ವೈರನ್ನು ಕಾರಿನ ಲೋಹದ ಮೈಗೆ ಬಿಗಿದ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ ಮತ್ತೆ ಬಿಗಿಯಬೇಕು. ನಾಲಿಗೆ ತೆಳ್ಳಗೆ ಕೊರೆದುಹೋಗಿದ್ದರೆ ಹೊಸ ಕಪ್ಲರ್ ಹಾಕಿಸಿ. ಶುಚಿಗೊಳಿಸಿದ ಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ, ನೀರು ತಡೆಯುವ ಗ್ರೀಸ್) ಸವರಿಸಿ. ನಮ್ಮ ಗಾಳಿಗೆ ಅದು ಬೇಕೇ ಬೇಕು. ವೋಲ್ಟೇಜ್ ಸರಿಯಿದ್ದೂ ಬೆಳಕು ಮಂಕಾಗಿದ್ದರೆ ಬಲ್ಬ್ ತೆಗೆದ ರಂಧ್ರದಿಂದ ಟಾರ್ಚ್ ಬಿಟ್ಟು ಪ್ರತಿಫಲಕ ನೋಡಿ. ಬೆಳ್ಳಿಯ ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ಯಾವ ಬಲ್ಬೂ ಮದ್ದಲ್ಲ. ಆಗ ಎರಡೂ ಬದಿಯ ಲ್ಯಾಂಪನ್ನು ಬದಲಿಸುವುದೇ ಸರಿ, ಹ್ಯಾಲೊಜನ್‌ನದೇ ಸಾಕು.

ಬಲ್ಬನ್ನು ನೀವೇ ಖಂಡಿತ ಬದಲಿಸಬಹುದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಎಚ್8, ಎಚ್11, ಎಚ್16 ನೋಡಲು ಅಣ್ಣತಮ್ಮಂದಿರ ಹಾಗಿವೆ. ವ್ಯಾಟ್ ಮಾತ್ರ ಕ್ರಮವಾಗಿ 35, 55, 19. ಬುಡದ ಪ್ಲಾಸ್ಟಿಕ್ ಹಲ್ಲುಗಳು ಒಂದಕ್ಕೊಂದು ಹೊಂದದಂತೆ ಬೇರೆ ಬೇರೆ ಇರುತ್ತವೆ. ಅಂಗಡಿಯವರು ‘ಈ ಹಲ್ಲು ಕತ್ತರಿಸಿದರೆ ಕೂರುತ್ತದೆ’ ಎಂದರೆ ಬೇಡವೆನ್ನಿ. ಎರಡೂ ಬದಿಗೆ ಒಂದೇ ಕಂಪನಿಯ ಬಲ್ಬ್ ಒಟ್ಟಿಗೇ ಹಾಕಿ. ಒಂದು ಹಳತು ಒಂದು ಹೊಸತಾದರೆ ಬಣ್ಣವೂ ಬೆಳಕೂ ಹೊಂದುವುದಿಲ್ಲ. ಹಳದಿ ಬೇಕಿದ್ದರೆ ಬಲ್ಬಿನ ಗಾಜಿಗೇ ಲೇಪವಿರುವುದನ್ನು ಆರಿಸಿ. ಲ್ಯಾಂಪಿನ ಗಾಜಿಗೆ ಅಂಟಿಸುವ ಹಳದಿ ಹಾಳೆ ಅಗ್ಗ, ಬಣ್ಣವೂ ಬರುತ್ತದೆ, ಆದರೆ ನಮ್ಮ ಬಿಸಿಲು ಮಳೆಗೆ ಅಂಚು ಎದ್ದು ಅದರಡಿ ಕೆಸರು ಸೇರಿ ಬೆಳಕು ಕದಡುತ್ತದೆ.

ದೀಪ ಆರಿಸಿ ಬಲ್ಬ್ ಪೂರ್ತಿ ತಣ್ಣಗಾಗಲು ಬಿಡಿ. ಎಡಬದಿಯ ಕೆಲಸಕ್ಕೆ ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದರೆ ಚಕ್ರದ ಮುಂಭಾಗ ಒಳಸರಿದು ಕೈ ಹೋಗಲು ಜಾಗವಾಗುತ್ತದೆ. ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಹೊದಿಕೆಯ ಮುಂದಿನ ಎರಡು ಮೂರು ಕ್ಲಿಪ್ಪುಗಳ ನಡುಗುಂಡಿಯನ್ನು ಸ್ಕ್ರೂ ಡ್ರೈವರಿನಿಂದ ಮೀಟಿ ತೆಗೆದು ಹೊದಿಕೆಯನ್ನು ಬಗ್ಗಿಸಿ. ಕೆಲವು ಕಾರುಗಳಲ್ಲಿ ಬಂಪರಿನ ಕೆಳಗಿನಿಂದಲೇ ಕೈ ಹಾಕಬಹುದು. ಜಾಕ್ ಹಚ್ಚಿದ ಕಾರಿನಡಿ ಮಾತ್ರ ತಲೆ ಹಾಕಬೇಡಿ. ಕಪ್ಲರಿನ ಕೊಂಡಿ ಒತ್ತಿ ಎಳೆಯಿರಿ. ವೈರ್ ಹಿಡಿದು ಎಳೆದರೆ ಕಿತ್ತುಬರುತ್ತದೆ. ಬಲ್ಬನ್ನು ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿದರೆ ಹೊರಬರುತ್ತದೆ. ಹೊಸದನ್ನು ಬುಡ ಹಿಡಿದೇ ಕೂರಿಸಿ. ಗಾಜಿಗೆ ಕೈ ತಾಗಿದ್ದರೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ. ರಬ್ಬರ್ ಉಂಗುರ ಮಡಚಿಕೊಂಡಿಲ್ಲವೆಂದು ಬೆರಳಾಡಿಸಿ ನೋಡಿ, ಪ್ರದಕ್ಷಿಣವಾಗಿ ತಿರುಗಿಸಿ ‘ಟಕ್’ ಎನ್ನುವವರೆಗೆ ಬಿಗಿ ಮಾಡಿ.

ಸಂಜೆ ಕತ್ತಲಾದ ಮೇಲೆ ಸಮತಟ್ಟು ಜಾಗದಲ್ಲಿ, ಗೋಡೆಯಿಂದ ಏಳೂವರೆ ಮೀಟರ್ ದೂರಕ್ಕೆ ಕಾರು ನಿಲ್ಲಿಸಿ. ಫಾಗ್ ಲ್ಯಾಂಪಿನ ನಡುಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ, ಗೋಡೆಯ ಮೇಲೆ ಅದಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗೆ ಬೆಳಕಿನ ಮೇಲಂಚು ಬೀಳಬೇಕು. ಮೇಲೆ ಬಿದ್ದರೆ ಲ್ಯಾಂಪಿನ ಸ್ಕ್ರೂ ತಿರುಗಿಸಿ ಇಳಿಸಿ. ನಾನು ನೋಡುವ ಕಾರುಗಳಲ್ಲಿ ಬಂಪರಿಗೆ ಒಮ್ಮೆ ಪೆಟ್ಟು ಬಿದ್ದು ರಿಪೇರಿಯಾದವಕ್ಕೆ ಈ ಹೊಂದಾಣಿಕೆ ತಪ್ಪಿರುವುದೇ ಹೆಚ್ಚು. ಬಣ್ಣಕ್ಕೆ ತಲೆಕೆಡಿಸಿಕೊಳ್ಳುವವರಲ್ಲಿ ಇದನ್ನು ಕೇಳುವವರು ಬಹಳ ಕಡಿಮೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಈ ಹೊಂದಾಣಿಕೆಯಿಂದ ಒಂದು ಲೆಕ್ಕವೂ ಸಿಗುತ್ತದೆ. ನೆಲದಿಂದ 45 ಸೆಂಟಿಮೀಟರ್ ಎತ್ತರದ ಲ್ಯಾಂಪಿನ ಬೆಳಕು ಈ ಇಳಿಜಾರಿನಲ್ಲಿ ಸುಮಾರು 34 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ಫಾಗ್ ಲ್ಯಾಂಪ್ ತೋರಿಸುವುದು ಅಷ್ಟೇ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಒದ್ದೆ ರಸ್ತೆಯಲ್ಲಿ, ಒಂದೂವರೆ ಸೆಕೆಂಡ್ ಪ್ರತಿಕ್ರಿಯೆಯ ಸಮಯ ಸೇರಿಸಿದರೆ ಕಾರು ನಿಲ್ಲಲು ಸುಮಾರು 30 ಮೀಟರ್ ಬೇಕು. 60 ಆದರೆ 50 ಮೀಟರ್ ದಾಟುತ್ತದೆ. ಸೋಮೇಶ್ವರ ಬಿಟ್ಟ ಮೇಲೆ ಮಂಜು ಮುಸುಕಿದರೆ 40 ಕೂಡ ಮೇಲಿನ ಮಿತಿ. ತಿರುವುಗಳಲ್ಲಿ ಅದರ ಅರ್ಧವೂ ಹೆಚ್ಚೇ.

ಹೆದ್ದಾರಿಯ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಸಾಧಾರಣ ಮಳೆಯಲ್ಲಿ ಮಂಗಳೂರು–ಉಡುಪಿ ಹೆದ್ದಾರಿಯಲ್ಲಿ ಫಾಗ್ ಲ್ಯಾಂಪ್ ಉರಿಸಬೇಡಿ. ರಾತ್ರಿ ಒದ್ದೆಯಾದ ಡಾಂಬರು ಕನ್ನಡಿಯ ಕೆಲಸ ಮಾಡುತ್ತದೆ. ಕೆಳಮಟ್ಟದಿಂದ ಹೊರಟ ಬೆಳಕು ರಸ್ತೆಗೆ ತಾಗಿ ನೇರ ಎದುರಿನವರ ಕಣ್ಣಿಗೆ ಹಾರುತ್ತದೆ. ಪಡುಬಿದ್ರಿಯಲ್ಲೋ ಕಟಪಾಡಿಯಲ್ಲೋ ರೈನ್‌ಕೋಟ್ ಹಾಕಿಕೊಂಡು, ಹೆಲ್ಮೆಟ್ ಗಾಜಿನ ಮೇಲೆ ನೀರು ಇಳಿಯುತ್ತಿರುವಾಗ ಬೈಕ್ ಓಡಿಸುವವರಿಗೆ ಆ ಕ್ಷಣ ಏನೂ ಕಾಣುವುದಿಲ್ಲ. ನಿಮಗೂ ಲಾಭವಿಲ್ಲ: ಕಾರಿನ ಮುಂದಿನ ನೆಲ ಹೆಚ್ಚು ಬೆಳಗಿದರೆ ಕಣ್ಣು ಅದಕ್ಕೆ ಹೊಂದಿಕೊಂಡು ದೂರದ್ದು ಕಾಣದಾಗುತ್ತದೆ. ಮಳೆ ಜಡಿದು ಮುಂದಿನ ವಾಹನವೇ ಕಾಣದಷ್ಟಾದಾಗ ಹಾಕಿ, ಕಂಡ ಕೂಡಲೇ ಆರಿಸಿ.

ಘಾಟಿಯ ಮಂಜಿನಲ್ಲಿ ಡಿಪ್ ಲೈಟ್ ಜೊತೆಗೆ ಫಾಗ್ ಲ್ಯಾಂಪ್ ಉರಿಸಿ. ಡಿಪ್‌ನ ಬೆಳಕೂ ಮರಳುತ್ತಿದೆ ಎನ್ನಿಸುವಷ್ಟು ದಟ್ಟವಾದರೆ ಪಾರ್ಕಿಂಗ್ ಲೈಟಿಗೆ ಇಳಿಸಿ ಫಾಗ್ ಲ್ಯಾಂಪಿನಲ್ಲೇ ನಿಧಾನವಾಗಿ ಹೋಗಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುವ ಅಭ್ಯಾಸ ನಮ್ಮ ಘಾಟಿಗಳಲ್ಲಿ ಬೇರೂರಿದೆ. ನೀವು ನಿಂತಿದ್ದೀರೋ ಚಲಿಸುತ್ತಿದ್ದೀರೋ ತಿರುಗುತ್ತೀರೋ ಹಿಂದಿನವರಿಗೆ ತಿಳಿಯದು, ನಿಂತಾಗ ಮಾತ್ರ ಅದನ್ನು ಬಳಸಿ. ಬಲ್ಬ್ ಬದಲಿಸಿದ ದಿನವೇ ಯಾರಾದರೊಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ ಟೇಲ್ ಲ್ಯಾಂಪ್ ಎರಡೂ, ಬ್ರೇಕ್ ಲೈಟ್ ಎರಡೂ ಉರಿಯುತ್ತಿವೆಯೇ ಎಂದು ನೋಡಿಸಿ. ಶುಕ್ರವಾರ ಸಂಜೆ ನೀವು ಘಾಟಿ ಇಳಿಯುವಾಗ ಹಿಂದೆ ಬರುವ ಲಾರಿಯವರಿಗೆ ಕಾಣಬೇಕಾದದ್ದು ಆ ನಾಲ್ಕು ಬಲ್ಬುಗಳು.